ಹಳ್ಳಿಯ ಬಸ್ಸು ರಾತ್ರಿ ಎಲ್ಲಿ ತಂಗುತ್ತದೆ

ಹೊಸದಾಗಿ ನೇಮಕಗೊಂಡು ನಮ್ಮ ಸೀಮೆಯ ಶಾಲೆಗೋ ಆರೋಗ್ಯ ಕೇಂದ್ರಕ್ಕೋ ಬ್ಯಾಂಕಿನ ಶಾಖೆಗೋ ಬರತಕ್ಕ ತರುಣ ತರುಣಿಯರು, ಮಗಳನ್ನು ಈ ಕಡೆಯ ಹಳ್ಳಿಗೆ ಕೊಟ್ಟಿರುವ ಪಟ್ಟಣದ ತಂದೆತಾಯಿಗಳು, ಕುಮಾರಪಟ್ಟಣದ ಕಾರ್ಖಾನೆಗಳಲ್ಲಿ ಕೆಲಸವನ್ನರಸಿ ದೂರದಿಂದ ಬಂದು ನೆಲಸಿದವರು, ಇವರೆಲ್ಲರೂ ನನಗೆ ಬರೆಯುವ ಕಾಗದಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಹಳ್ಳಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಅದರ ವೇಳಾಪಟ್ಟಿ ಎಲ್ಲಿ ದೊರೆಯುತ್ತದೆ? ಪ್ರಶ್ನೆ ಸಹಜವಾದುದೇ. ದೊಡ್ಡ ಪಟ್ಟಣದಲ್ಲಿ ಬೆಳೆದವನಿಗೆ ಬಸ್ಸೆಂಬುದು ಒಂದು ತಪ್ಪಿದರೆ ಅದರ ಹಿಂದೆಯೇ ಮತ್ತೊಂದು ಬರತಕ್ಕ ವಾಹನ. ಹಳ್ಳಿಯಲ್ಲಾದರೋ ಬೆಳಗಿನ ಬಸ್ಸು ಕೈತಪ್ಪಿತೆಂದರೆ ಆ ದಿನದ ಶಾಲೆಯಾಗಲಿ ಕೂಲಿಯಾಗಲಿ ಕೈತಪ್ಪಿದಂತೆಯೇ, ಕೆಲವೊಮ್ಮೆ ದೊಡ್ಡಾಸ್ಪತ್ರೆಯ ವೈದ್ಯರ ದರ್ಶನವೂ ತಪ್ಪಿದಂತೆಯೇ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕರು ಕುಳಿತುಕೊಳ್ಳುವ ಸ್ಥಳವೊಂದುಂಟು. ಅಲ್ಲಿ ವಿಚಾರಿಸಿದರೆ ಯಾವ ಹಳ್ಳಿಗೆ ಯಾವ ಹೊತ್ತಿಗೆ ಬಸ್ಸು ಹೊರಡುವುದೆಂಬುದನ್ನು ಹೇಳುತ್ತಾರೆ. ಆದರೆ ಅದು ಬಸ್ಸು ಹೊರಡುವ ಸ್ಥಳದ ವೇಳೆಯೇ ಹೊರತು, ನಡುವಣ ಒಂದು ಹಳ್ಳಿಯ ಬೇವಿನ ಮರದ ಕೆಳಗೆ ಚೀಲವನ್ನು ಕಾಲಬುಡದಲ್ಲಿಟ್ಟುಕೊಂಡು ನಿಂತಿರುವವನ ವೇಳೆಯಲ್ಲ.

ಆದುದರಿಂದ ಕೇಳಿದವರಿಗೆಲ್ಲ ನಾನು ಬೇರೊಂದು ಪ್ರಶ್ನೆಯನ್ನು ಕಲಿಸಿಕೊಡುತ್ತ ಬಂದಿದ್ದೇನೆ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವುದಕ್ಕೆ ಮೊದಲು, ಈ ಊರಿಗೆ ಬರುವ ಬಸ್ಸು ರಾತ್ರಿ ಎಲ್ಲಿ ತಂಗುತ್ತದೆ ಎಂದು ಕೇಳಿರಿ. ತಾಲೂಕು ಸ್ಥಳದಿಂದ ಸಂಜೆಗೆ ಹೊರಟು, ಕತ್ತಲಾದ ಮೇಲೆ ಕಟ್ಟಕಡೆಯ ಹಳ್ಳಿಯನ್ನು ಸೇರಿ, ಅಲ್ಲಿಯೇ ರಾತ್ರಿ ಕಳೆದು, ಮರುದಿನ ನಸುಕಿನಲ್ಲಿ ಮೊದಲ ಬಸ್ಸಾಗಿ ಹಿಂದಿರುಗತಕ್ಕ ವಾಹನವನ್ನು ನಮ್ಮವರು ವಸ್ತಿ ಬಸ್ಸು ಎನ್ನುತ್ತಾರೆ. ಗ್ರಾಮಾಂತರ ಸಂಚಾರದ ವ್ಯವಸ್ಥೆಯೆಲ್ಲವೂ ಈ ವಸ್ತಿ ಬಸ್ಸಿನ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು. ಮೇಲುನೋಟಕ್ಕೆ ಒಂದೊಂದು ಹಳ್ಳಿಗೂ ಒಂದೊಂದು ಬಸ್ಸು ಬಂದುಹೋಗುವಂತೆ ತೋರಿದರೂ, ವಾಸ್ತವದಲ್ಲಿ ಒಂದೇ ವಾಹನ ಬೆಳಗ್ಗೆ ಒಂದು ಹಳ್ಳಿಯ ವಿದ್ಯಾರ್ಥಿಗಳನ್ನು ತಾಲೂಕಿಗೆ ತಂದಿಳಿಸಿ, ಅಲ್ಲಿಂದ ಮತ್ತೊಂದು ದಿಕ್ಕಿನ ಹಳ್ಳಿಗೆ ಹೋಗಿ, ಮಧ್ಯಾಹ್ನಕ್ಕೆ ಮೂರನೆಯದೊಂದು ಊರನ್ನು ಮುಟ್ಟಿ, ಸಂಜೆಗೆ ಮತ್ತೆ ಮೊದಲಿನ ಹಳ್ಳಿಯ ದಾರಿಯನ್ನು ಹಿಡಿಯುತ್ತದೆ. ಇಡೀ ದಿನದ ಈ ಸರಣಿಗೆ ಡಿಪೊದವರು ಷೆಡ್ಯೂಲ್ ಎನ್ನುತ್ತಾರೆ. ಸರಣಿಯ ಒಂದು ಕೊಂಡಿ ತಡವಾದರೆ ಮುಂದಿನವೆಲ್ಲವೂ ತಡವಾಗುತ್ತವೆ. ಬೆಳಗಿನ ಹೊತ್ತು ಎಲ್ಲಿಯೋ ಟೈರು ಒಡೆದು ಬಸ್ಸು ನಿಂತಿತೆಂದರೆ, ಅದರ ಪರಿಣಾಮವನ್ನು ಬೇರೊಂದು ಮಾರ್ಗದ ಮುದುಕಿಯೊಬ್ಬಳು ಮಧ್ಯಾಹ್ನದ ಬಿಸಿಲಿನಲ್ಲಿ ಕಾರಣ ತಿಳಿಯದೆ ಅನುಭವಿಸುತ್ತಾಳೆ. ಈ ಸರಣಿಯನ್ನು ಅರಿತವನಾದರೋ ಗಡಿಯಾರವನ್ನು ನೋಡುತ್ತ ಕುಳಿತುಕೊಳ್ಳುವುದಿಲ್ಲ. ತಾಲೂಕಿನಲ್ಲಿರುವ ಪರಿಚಿತನೊಬ್ಬನಿಗೆ ಫೋನು ಮಾಡಿ, ಹಿಂದಿನ ಹಳ್ಳಿಗೆ ಹೋದ ಬಸ್ಸು ಮರಳಿ ಬಂದಿತೇ ಎಂದು ಕೇಳುತ್ತಾನೆ, ಬಂದಿಲ್ಲವೆಂದರೆ ಅಷ್ಟರಲ್ಲಿ ಒಂದು ಕೆಲಸವನ್ನು ಮುಗಿಸಿಕೊಂಡು ಬರುತ್ತಾನೆ. ನಿಲ್ದಾಣದ ಕಟ್ಟೆಯ ಮೇಲೆ ನಿರ್ವಿಕಾರವಾಗಿ ಕುಳಿತಿರುವ ಹಳ್ಳಿಗರನ್ನು ಕಂಡು ಇವರಿಗೆ ಕಾಲದ ಬೆಲೆ ತಿಳಿಯದೆಂದು ಭಾವಿಸುವವರುಂಟು. ಆ ಭಾವನೆ ತಪ್ಪು. ಅವರು ಲೆಕ್ಕ ಹಾಕಿಯೇ ಕುಳಿತಿದ್ದಾರೆ.

ವಸ್ತಿ ಬಸ್ಸಿನ ಚಾಲಕ ನಿರ್ವಾಹಕರ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹಗಲೆಲ್ಲ ದುಡಿದು ರಾತ್ರಿ ಊರು ಸೇರಿದ ಈ ಇಬ್ಬರು, ಗುಡಿಯ ಪೌಳಿಯಲ್ಲಿಯೋ ಪಂಚಾಯತಿಯ ಕೊಠಡಿಯಲ್ಲಿಯೋ ಕೆಲವೆಡೆ ಬಸ್ಸಿನ ಆಸನಗಳ ಮೇಲೆಯೋ ಮಲಗಿ, ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಮುಖ ತೊಳೆದು ಎಂಜಿನ್ನನ್ನು ಚಾಲೂ ಮಾಡುತ್ತಾರೆ. ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ಓಣಿಗಳಲ್ಲಿ ಬುತ್ತಿ ಕಟ್ಟುವ ಗಡಿಬಿಡಿ ಆರಂಭವಾಗುತ್ತದೆ. ಅವರಿಗೆ ಮಲಗಲು ಶುದ್ಧವಾದ ಒಂದು ಕೊಠಡಿ, ಒಂದು ದೀಪ, ಕುಡಿಯುವ ನೀರು, ಒಂದು ಶೌಚಗೃಹ ಇಷ್ಟನ್ನು ಒದಗಿಸಿಕೊಟ್ಟ ಊರಿಗೆ ವಸ್ತಿ ಬಸ್ಸು ಉಳಿಯುತ್ತದೆ. ಒದಗಿಸದ ಊರಿನಿಂದ, ಇಂದಲ್ಲ ನಾಳೆ, ಅದು ಹಿಂದೆ ಸರಿಯುವುದುಂಟು. ಅವರನ್ನು ಕರೆದು ಬಿಸಿ ರೊಟ್ಟಿ ಪಲ್ಯವನ್ನು ಬಡಿಸುವ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆಯೆಂಬುದು ನನಗೆ ಬಹು ಸಂತೋಷದ ಸಂಗತಿ. ಸಾರಿಗೆ ಸಂಸ್ಥೆಯ ಯಾವ ಕಾಗದದಲ್ಲಿಯೂ ಆ ರೊಟ್ಟಿಯ ಉಲ್ಲೇಖವಿರಲಾರದು, ಆದರೆ ಬೆಳಗಿನ ಬಸ್ಸು ಯಥಾಕಾಲಕ್ಕೆ ಹೊರಡುವುದರಲ್ಲಿ ಅದರ ಪಾಲೂ ಇದೆ.

ಕುಮಾರಪಟ್ಟಣದವರಾದ ನಮಗೆ ಈ ವಿಷಯದಲ್ಲಿ ಒಂದು ವಿಶೇಷವಾದ ತೊಡಕುಂಟು, ಅದು ಹೊಳೆಯ ತೊಡಕು. ನಮ್ಮ ಊರು ತುಂಗಭದ್ರೆಯ ಒಂದು ದಂಡೆ, ಹರಿಹರ ಇನ್ನೊಂದು ದಂಡೆ. 1868ರಲ್ಲಿ ಕಟ್ಟಿ ಮುಗಿಸಿದ ಕಮಾನಿನ ಸೇತುವೆಯೊಂದು ಈ ಎರಡು ದಂಡೆಗಳನ್ನು ಹೊಂದಿಸಿತಾದರೂ, 1956ರ ನವೆಂಬರ್ 1ನೆಯ ತಾರೀಖಿನವರೆಗೆ ಈ ದಂಡೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ, ಆ ದಂಡೆ ಮೈಸೂರು ರಾಜ್ಯ. ಮೈಸೂರು ಸರ್ಕಾರ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭಿಸಿದ ವರ್ಷದಲ್ಲಿಯೇ ಮುಂಬಯಿ ಸರ್ಕಾರವೂ ತನ್ನ ಬಸ್ಸುಗಳನ್ನು ರಸ್ತೆಗಿಳಿಸಿತ್ತು. ಒಂದೇ ಭಾಷೆಯನ್ನಾಡುವ, ಒಂದೇ ನೀರನ್ನು ಕುಡಿಯುವ, ಹೆಣ್ಣು ಕೊಟ್ಟು ತರುವ ಎರಡು ದಂಡೆಗಳ ಜನ ಎರಡು ಸರ್ಕಾರಗಳ ಬಸ್ಸುಗಳನ್ನು ಹತ್ತಬೇಕಾಗಿತ್ತು. ರಾಜ್ಯ ಒಂದಾಯಿತು, 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪಿತವಾಗಿ ಎಲ್ಲ ಕಡೆಯ ಬಸ್ಸುಗಳೂ ಒಂದೇ ಛತ್ರದ ಕೆಳಗೆ ಬಂದವು. ಅನಂತರ 1997ರ ಆಗಸ್ಟ್ ತಿಂಗಳಿನಲ್ಲಿ ಆ ದಂಡೆ ದಾವಣಗೆರೆ ಜಿಲ್ಲೆಯೂ ಈ ದಂಡೆ ಹಾವೇರಿ ಜಿಲ್ಲೆಯೂ ಆಗಿ, ಅದೇ ವರ್ಷದ ನವೆಂಬರ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರ್ಪಟ್ಟಿತು. ರಾಣೇಬೆನ್ನೂರಿನ ಡಿಪೊ ವಾಯವ್ಯ ಸಂಸ್ಥೆಗೆ ಸೇರಿತು, ಹರಿಹರದ ಡಿಪೊ ಬೆಂಗಳೂರು ಕೇಂದ್ರವಾದ ನಿಗಮದಲ್ಲಿಯೇ ಉಳಿಯಿತು. ಅಳಿಸಿಹೋದ ಗಡಿರೇಖೆ, ಬಸ್ಸುಗಳ ಮಟ್ಟಿಗೆ, ಅದೇ ಹೊಳೆಯ ಮೇಲೆ ಮತ್ತೆ ಮೂಡಿತು.

ಇದು ಪುರಾತನದ ಕಥೆಯೆಂದು ಪಕ್ಕಕ್ಕಿಡುವಂತಿಲ್ಲ, ಏಕೆಂದರೆ ದಿನನಿತ್ಯದ ಪ್ರಯಾಣದಲ್ಲಿ ಇದರ ಪ್ರಯೋಜನವುಂಟು. ಬಸ್ಸಿನ ಪಕ್ಕದಲ್ಲಿ ವಾ.ಕ.ರ.ಸಾ.ಸಂಸ್ಥೆ ಎಂದು ಬರೆದಿದ್ದು, ನಂಬರಿನ ಫಲಕದಲ್ಲಿ ಕೆಎ 27 ಎಫ್ ಎಂಬ ಅಕ್ಷರಾಂಕಗಳಿದ್ದರೆ ಆ ವಾಹನ ಹಾವೇರಿ ಜಿಲ್ಲೆಯಲ್ಲಿ ನೋಂದಾಯಿತವಾದುದೆಂದು ತಿಳಿಯಬೇಕು. ಎಫ್ ಎಂಬುದು ಸರ್ಕಾರಿ ಸಾರಿಗೆಯ ವಾಹನಗಳ ಗುರುತು. ಅದೇ 17 ಎಂದಿದ್ದರೆ ದಾವಣಗೆರೆಯದು. ಓದುಬರಹ ಬಾರದ ಹಿರಿಯರು ಸಹ ಈ ಅಂಕಿಗಳನ್ನು ಚಿತ್ರದಂತೆ ಗುರುತಿಟ್ಟುಕೊಂಡು, ಸಂಜೆಯ ಮಬ್ಬಿನಲ್ಲಿ ಬರುತ್ತಿರುವ ಬಸ್ಸು ತಮ್ಮ ಡಿಪೊಗೆ ಮರಳುವುದೋ ಹೊಳೆಯನ್ನು ದಾಟಿ ಆಚೆಗೆ ಹೋಗುವುದೋ ಎಂಬುದನ್ನು ಊಹಿಸಬಲ್ಲರು. ಇನ್ನೊಂದು ಎಚ್ಚರಿಕೆ ಹೊಸಬರಿಗೆ: ಹರಿಹರದ ಹೆಸರನ್ನು ಹೊತ್ತಿರುವ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಹರಿಹರದಲ್ಲಲ್ಲ, ಕುಮಾರಪಟ್ಟಣದಲ್ಲಿ. ಹೆಸರನ್ನು ನಂಬಿ ಹರಿಹರಕ್ಕೆ ಟಿಕೆಟು ಪಡೆದು, ಪೆಟ್ಟಿಗೆ ಹಾಸಿಗೆಗಳ ಸಮೇತ ಅಲ್ಲಿಳಿದು, ಮತ್ತೆ ಸೇತುವೆಯನ್ನು ದಾಟಿ ಹಿಂದಿರುಗಿದವರು ಅನೇಕರು. ಹುಬ್ಬಳ್ಳಿಯ ಕಡೆಯಿಂದ ಬರತಕ್ಕವರು ಹೊಳೆ ದಾಟುವುದಕ್ಕೆ ಮೊದಲೇ ಇಳಿಯಬೇಕೆಂಬುದನ್ನು ನಿರ್ವಾಹಕನಿಗೆ ಟಿಕೆಟು ಕೊಳ್ಳುವಾಗಲೇ ಹೇಳಿಬಿಡುವುದು ಒಳ್ಳೆಯದು.

ಹೇಳುವುದು, ಕೇಳುವುದು, ಇವೆರಡೂ ಗ್ರಾಮಾಂತರ ಪ್ರಯಾಣದ ಮುಖ್ಯ ಸಾಧನಗಳು. ಹೆದ್ದಾರಿಯ ಮೇಲೆ ಧಾವಿಸಿ ಬರುವ ಬಸ್ಸುಗಳಲ್ಲಿ ತಡೆರಹಿತವೆಂಬುದು ನಡುವಣ ಊರುಗಳಲ್ಲಿ ನಿಲ್ಲುವುದಿಲ್ಲ. ವೇಗದೂತವೆಂಬುದು ಗೊತ್ತಾದ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುತ್ತದೆ. ಸಾಮಾನ್ಯ ಬಸ್ಸೆಂಬುದು ಮಾಕನೂರು, ಚಳಗೇರಿಯಂತಹ ಪ್ರತಿಯೊಂದು ಊರಿನವನಿಗೂ ಹತ್ತಿಳಿಯಲು ಅವಕಾಶವೀಯುತ್ತದೆ. ಕೋರಿಕೆ ನಿಲುಗಡೆ ಎಂಬ ಫಲಕವಿರುವಲ್ಲಿ ನಿಂತು, ಬಸ್ಸು ದೂರದಲ್ಲಿ ಕಾಣಿಸಿದೊಡನೆಯೇ ಕೈಯನ್ನು ಚಾಚಿ ಹಿಡಿಯಬೇಕು. ಹತ್ತಿರ ಬಂದ ಮೇಲೆ ಎತ್ತಿದ ಕೈ ಚಾಲಕನಿಗೆ ಕಂಡರೂ ಹಿಂದೆ ಬರುತ್ತಿರುವ ಲಾರಿಯ ಭಯದಿಂದ ಅವನು ಥಟ್ಟನೆ ನಿಲ್ಲಿಸಲಾರ. ಸೇತುವೆಯ ಮೇಲೆ, ತಿರುವಿನಲ್ಲಿ, ಇಳಿಜಾರಿನಲ್ಲಿ ನಿಂತು ಕೈ ತೋರಿಸಿ, ಬಸ್ಸು ನಿಲ್ಲಲಿಲ್ಲವೆಂದು ಶಪಿಸುವುದು ನ್ಯಾಯವಲ್ಲ. ಬಸ್ಸಿನ ಫಲಕವನ್ನು ಓದಿದರೆ ಸಾಲದು, ಮಾರ್ಗವನ್ನೂ ಕೇಳಬೇಕು. ಒಂದೇ ಊರಿಗೆ ಎರಡು ದಾರಿಗಳಿದ್ದಾಗ ಬಸ್ಸು ಯಾವ ದಾರಿಯ ಮೇಲೆ ಹೋಗುವುದೆಂಬುದನ್ನು ಮುಂದಿನ ಫಲಕ ಹಲವು ವೇಳೆ ಹೇಳುವುದಿಲ್ಲ. "ಚಳಗೇರಿ ಮ್ಯಾಲೆ ಹೋಗ್ತೈತೇನ್ರೀ?" ಎಂದು ಬಾಗಿಲಲ್ಲಿ ನಿಂತ ನಿರ್ವಾಹಕನನ್ನು ಕೇಳಿದರೆ, "ಹೋಗ್ತೈತ್ರೀ, ಹತ್ತ್ರಿ ಲಗೂನ" ಎಂಬ ಉತ್ತರ ಬರುತ್ತದೆ. ಸಂಕೋಚದಿಂದ ಬಾಯಿ ತೆರೆಯದೆ ಮೊಬೈಲಿನ ನಕ್ಷೆಯನ್ನೇ ನೆಚ್ಚಿ ನಿಂತ ವಿದ್ಯಾವಂತರು ಕಣ್ಣೆದುರಿಗೇ ಬಸ್ಸನ್ನು ಬಿಟ್ಟುಕೊಡುವುದನ್ನು ಕಂಡಾಗ ನನಗೆ ನಿಜವಾಗಿಯೂ ದುಃಖವಾಗುತ್ತದೆ.

ಬ್ಯಾಡಗಿಗೆ ಹೋಗಬೇಕಾದವರು ಒಂದು ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು: ಆ ಊರು ಹೆದ್ದಾರಿಯಿಂದ ಒಳಗಿದೆ. ರಾಣೇಬೆನ್ನೂರಿನಿಂದ ನೇರವಾದ ಬಸ್ಸು ಸಿಕ್ಕದಿದ್ದಾಗ ಹಾವೇರಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಮೋಟೆಬೆನ್ನೂರಿನವರೆಗೆ ಹೋಗಿ, ಅಲ್ಲಿಂದ ಬ್ಯಾಡಗಿಯ ಬಸ್ಸನ್ನು ಹಿಡಿಯುವುದು ವಾಡಿಕೆ. ಮೆಣಸಿನಕಾಯಿಯ ಸುಗ್ಗಿಯ ದಿನಗಳಲ್ಲಿ ಸೋಮವಾರ ಮತ್ತು ಗುರುವಾರ, ಅಂದರೆ ಮಾರುಕಟ್ಟೆಯ ದಿನ, ಬಲ್ಲವರಾರೂ ಈ ದಾರಿಯಲ್ಲಿ ಕುಳಿತುಕೊಳ್ಳುವ ಸ್ಥಳವನ್ನು ನಿರೀಕ್ಷಿಸುವುದಿಲ್ಲ. ದೂರದ ಜಿಲ್ಲೆಗಳಿಂದಲೂ ನೆರೆಯ ಆಂಧ್ರದಿಂದಲೂ ಬಂದ ರೈತರು, ಹಮಾಲರು, ದಲಾಲರು, ಕಾಯಿಯ ತೊಟ್ಟು ಬಿಡಿಸುವ ಕೂಲಿಯ ಹೆಂಗಸರು, ಇಷ್ಟು ಮಂದಿಯೊಡನೆ ಮೆಣಸಿನ ಘಾಟೂ ಬಸ್ಸಿನೊಳಕ್ಕೆ ಬರುತ್ತದೆ. ಕೆಮ್ಮು ಬಂದರೆ ಕಿಟಕಿಯ ಕಡೆಗೆ ಮುಖ ಮಾಡುವುದಲ್ಲದೆ ಬೇರೆ ಉಪಾಯವಿಲ್ಲ. ಕೆಲಸ ಅವಸರದ್ದಲ್ಲವಾದರೆ ಮಂಗಳವಾರವೋ ಬುಧವಾರವೋ ಹೋಗಿರಿ.

ಹತ್ತುವ ರೀತಿಯ ಬಗ್ಗೆ ಹೇಳಬೇಕಾದುದು ಬಹಳವಿಲ್ಲ, ಆದರೆ ಆಡಬೇಕಾದ ಮಾತನ್ನು ಆಡಿಯೇ ತೀರಬೇಕು. ಇಳಿಯುವವರು ಇಳಿದ ಮೇಲೆ ಹತ್ತುವುದೆಂಬ ಸರಳ ನಿಯಮವನ್ನು ಪಾಲಿಸಿದರೆ ಎರಡು ನಿಮಿಷ ಹಿಡಿಯುವ ಕೆಲಸ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಕಿಟಕಿಯೊಳಗಿಂದ ಟವೆಲ್ ತೂರಿಸಿ ಆಸನವನ್ನು ಕಾಯ್ದಿರಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಬಹುಕಾಲದಿಂದ ಬಂದುದು. ನಿಯಮದ ದೃಷ್ಟಿಯಿಂದ ಅದಕ್ಕೆ ಯಾವ ಬೆಲೆಯೂ ಇಲ್ಲವಾದರೂ, ಹೆಚ್ಚಿನ ಸಹಪ್ರಯಾಣಿಕರು ಅದನ್ನು ಮನ್ನಿಸುತ್ತಾರೆ. ಬಸುರಿಯೋ ಮುದುಕರೋ ನಿಂತಿರುವಾಗ ಟವೆಲಿನ ಹಕ್ಕನ್ನು ಸಾಧಿಸಹೊರಡುವುದು ಮಾತ್ರ ಅಸಹ್ಯವಾದ ನಡತೆಯೆಂದು ನಾನು ಬಗೆಯುತ್ತೇನೆ. ಹತ್ತಿದವರು ಬಾಗಿಲ ಬಳಿಯಲ್ಲಿಯೇ ನಿಲ್ಲದೆ ಒಳಗೆ ಸರಿಯಬೇಕು. "ಒಳಗ ನಡೀರಿ, ಹಿಂದ ಖಾಲಿ ಐತಿ" ಎಂಬ ನಿರ್ವಾಹಕನ ಕೂಗು ಮುಂದಿನ ಊರಿನಲ್ಲಿ ಕಾದು ನಿಂತಿರುವವರ ಪರವಾದ ಬಿನ್ನಹ. ಸ್ವಂತದ ಸಾಮಾನು ತಲೆಗೆ 30 ಕಿಲೊದವರೆಗೆ ಉಚಿತ. ಅದಕ್ಕೆ ಮೇಲ್ಪಟ್ಟುದಕ್ಕೆ ಲಗೇಜಿನ ಟಿಕೆಟು ಕೊಳ್ಳಬೇಕು. ಚೀಲವನ್ನು ಹಾದಿಗೆ ಅಡ್ಡವಾಗಿಡದೆ ಆಸನದ ಕೆಳಗೆ ನೂಕಿಡುವುದು, ಎಣ್ಣೆಯ ಡಬ್ಬಿಯನ್ನೂ ಹಾಲಿನ ಕ್ಯಾನನ್ನೂ ಮುಚ್ಚಳ ಬಿಗಿದು ಕಾಲಸಂದಿಯಲ್ಲಿ ಹಿಡಿದುಕೊಳ್ಳುವುದು, ಇವು ಯಾರೂ ಬರೆದಿಡದ ಆದರೆ ಎಲ್ಲರೂ ಅರಿತಿರುವ ಮರ್ಯಾದೆಗಳು.

ಇನ್ನು ಟಿಕೆಟಿನ ವಿಚಾರ. ಈ ಅಂಕಣವನ್ನು ಬರೆಯಲು ಕುಳಿತುದೇ ಇದನ್ನು ಹೇಳುವುದಕ್ಕಾಗಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡಬಹುದಾಗಿದೆ; ರಾಜಹಂಸ, ಐರಾವತ ಮೊದಲಾದ ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಈ ಸೌಲಭ್ಯ ರಾಜ್ಯದ ನಾಲ್ಕು ಸಾರಿಗೆ ಸಂಸ್ಥೆಗಳಿಗೂ ಸಮಾನವಾದುದರಿಂದ, ನಾನು ಹಿಂದೆ ಹೇಳಿದ ಹೊಳೆಯ ಗಡಿ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಇಲ್ಲದಂತಾಗಿದೆಯೆಂಬುದು ಈ ದಂಡೆಯವರ ಭಾಗ್ಯ. ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿಯನ್ನು ತೋರಿಸಿದರೆ ನಿರ್ವಾಹಕ ತನ್ನ ಯಂತ್ರದಿಂದ ಶೂನ್ಯ ಮೊತ್ತದ ಟಿಕೆಟೊಂದನ್ನು ಹರಿದು ಕೊಡುತ್ತಾನೆ. ಹೇಗೂ ಹಣವಿಲ್ಲವೆಂದು ಆ ಟಿಕೆಟಿನ ಚೀಟಿಯನ್ನು ಕೇಳಿ ಪಡೆಯದೆ ಹೋಗುವ ಹೆಂಗಸರು ಬಹು ಮಂದಿ. "ಇಲ್ಲೇ ಮುಂದಿನ ಊರಿಗೆ ಇಳಿತೀನೋ ತಮ್ಮಾ, ಚೀಟಿ ಯಾಕ ಬಿಡು" ಎನ್ನುವ ಅಜ್ಜಿಯರು ಉಂಟು. ದಯಮಾಡಿ ಹಾಗೆ ಮಾಡಬೇಡಿರಿ. ಆ ಚೀಟಿಯ ಆಧಾರದ ಮೇಲೆಯೇ ಸರ್ಕಾರ ಸಂಸ್ಥೆಗೆ ಹಣವನ್ನು ತುಂಬಿಕೊಡಬೇಕು. ಚೀಟಿಯಿಲ್ಲದ ಪ್ರಯಾಣಿಕಳು ಕಂಡುಬಂದರೆ ತನಿಖೆಯವರ ಮುಂದೆ ನಿರ್ವಾಹಕನೂ ತಪ್ಪಿತಸ್ಥನಾಗುತ್ತಾನೆ. ಇವೆರಡಕ್ಕಿಂತಲೂ ಮುಖ್ಯವಾದುದು, ಆ ಹಳ್ಳಿಯಲ್ಲಿ ಅಷ್ಟು ಜನ ಬಸ್ಸು ಹತ್ತುತ್ತಾರೆಂಬುದಕ್ಕೆ ಆ ಚೀಟಿಯಲ್ಲದೆ ಬೇರಾವ ದಾಖಲೆಯೂ ಇಲ್ಲ.

ಡಿಪೊದ ಮೇಜಿನ ಮೇಲೆ ಹಳ್ಳಿಯ ಮುಖ ಕಾಣುವುದಿಲ್ಲ. ಅಲ್ಲಿ ಕಾಣುವುದು ಯಂತ್ರ ದಿನದ ಕೊನೆಗೆ ಒಪ್ಪಿಸುವ ಲೆಕ್ಕ: ಯಾವ ಹಂತದಿಂದ ಯಾವ ಹಂತಕ್ಕೆ ಎಷ್ಟು ಟಿಕೆಟು, ಕಿಲೊಮೀಟರಿಗೆ ಎಷ್ಟು ಗಳಿಕೆ. ಇ.ಪಿ.ಕೆ.ಎಂ. ಎಂದು ಸಿಬ್ಬಂದಿ ಕರೆಯುವ ಈ ಕಡೆಯ ಅಂಕಿ ಸತತವಾಗಿ ಕುಸಿಯುತ್ತ ಹೋದ ಮಾರ್ಗದ ಬಸ್ಸು ಮೊದಲು ಒಂದು ಸುತ್ತನ್ನು ಕಳೆದುಕೊಳ್ಳುತ್ತದೆ, ಆಮೇಲೆ ಭಾನುವಾರವನ್ನು ಕಳೆದುಕೊಳ್ಳುತ್ತದೆ, ಕಡೆಗೆ ವಸ್ತಿಯನ್ನೂ ಕಳೆದುಕೊಳ್ಳುತ್ತದೆ. ಗಂಡಸರು ಎರಡು ನಿಮಿಷ ಮುಂಚಿತವಾಗಿ ಬಂದ ಟಂಟಂ ರಿಕ್ಷಾ ಹತ್ತಿ ಹೋಗುವುದನ್ನು ನಾನು ಆಕ್ಷೇಪಿಸುವಂತಿಲ್ಲ. ಅವಸರ ಎಲ್ಲರಿಗೂ ಇದೆ, ಟಂಟಂ ಓಡಿಸುವವನೂ ನಮ್ಮ ಊರಿನ ಮಗನೇ. ಆದರೆ ರಾತ್ರಿ ಹೆರಿಗೆಯ ನೋವು ಬಂದಾಗ, ಮಳೆಗಾಲದ ಸಂಜೆ ಕಾಲೇಜಿನಿಂದ ಮಗಳು ಮರಳಬೇಕಾದಾಗ ಟಂಟಂ ಬಂದೀತೆಂಬ ಖಾತರಿಯಿಲ್ಲ. ಬಸ್ಸಿನ ಖಾತರಿಯಾದರೂ ಇರಬೇಕೆಂದರೆ ನಿತ್ಯವೂ ಅದರ ಯಂತ್ರದಲ್ಲಿ ನಮ್ಮ ಊರಿನ ಹೆಸರು ಮುದ್ರಿತವಾಗುತ್ತಿರಬೇಕು. 2025ರ ಜನವರಿ 5ರಿಂದ ದರ ಶೇಕಡ 15ರಷ್ಟು ಏರಿದ ಮೇಲೆ ಟಿಕೆಟು ಕೊಳ್ಳುವವರಿಗೆ ಹೊರೆ ಹೆಚ್ಚಾಯಿತೆಂಬುದು ನಿಜ. ಹಾಗಿದ್ದರೂ ಟಿಕೆಟಿನ ಹಣವನ್ನು ಅರ್ಧವೇ ಕೊಟ್ಟು ಚೀಟಿ ಬೇಡವೆನ್ನುವ ಹೊಂದಾಣಿಕೆಗೆ ಯಾರೂ ಒಡಂಬಡಬಾರದು, ಅದರಿಂದ ಆ ದಿನದ ಐದಾರು ರೂಪಾಯಿ ಉಳಿದು ಊರಿನ ಬಸ್ಸು ಹೋಗುತ್ತದೆ.

ಚಿಲ್ಲರೆಯ ಜಗಳ ಮೊದಲಿನಷ್ಟಿಲ್ಲ. ಮೊಬೈಲಿನಿಂದ ಹಣ ಸಲ್ಲಿಸುವ ವ್ಯವಸ್ಥೆ ನಮ್ಮ ಕಡೆಯ ಬಸ್ಸುಗಳಿಗೂ ಬಂದಿದೆ. ಆದರೆ ಹೊಳೆಸಾಲಿನ ಹಳ್ಳಿಗಳ ದಾರಿಯಲ್ಲಿ ಸಿಗ್ನಲು ಸಿಕ್ಕದ ಸ್ಥಳಗಳಿವೆ, ಆದುದರಿಂದ ಹತ್ತು ಇಪ್ಪತ್ತರ ನೋಟುಗಳು ಜೇಬಿನಲ್ಲಿರಲಿ. ಚಿಲ್ಲರೆಯಿಲ್ಲದೆ ನಿರ್ವಾಹಕ ಟಿಕೆಟಿನ ಬೆನ್ನ ಮೇಲೆ ಬಾಕಿಯನ್ನು ಬರೆದುಕೊಟ್ಟರೆ, ಇಳಿಯುವ ಊರು ಬರುವುದಕ್ಕೆ ಸ್ವಲ್ಪ ಮೊದಲೇ ಅದನ್ನು ತೋರಿಸಿ ಕೇಳಿರಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ, ಅಲ್ಲಿಂದ ಹನ್ನೆರಡರವರೆಗೆ ಅರ್ಧ. ಅರವತ್ತು ದಾಟಿದ ಗಂಡಸರಿಗೆ ದರದಲ್ಲಿ ಶೇಕಡ 25ರ ರಿಯಾಯಿತಿಯುಂಟು, ವಯಸ್ಸನ್ನು ತೋರುವ ಗುರುತಿನ ಚೀಟಿ ಜೊತೆಯಲ್ಲಿರಬೇಕಷ್ಟೆ. ಕೇಳಲು ನಾಚಿ ಪೂರ್ತಿ ಹಣ ಕೊಡುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ.

ಗಂಡುಹುಡುಗರು ಓದುವ ದಿನಗಳಲ್ಲಿ ಪಾಸನ್ನು ಮಾಡಿಸಿಕೊಳ್ಳಬೇಕು. ಅದು ಕಂಡ ಮಾರ್ಗಕ್ಕೆಲ್ಲ ಅನ್ವಯಿಸುವ ಪತ್ರವಲ್ಲ, ಅದರ ಮೇಲೆ ಬರೆದಿರುವ ಊರಿನಿಂದ ಊರಿಗೆ ಮಾತ್ರ. ನಮ್ಮ ಊರಿನ ಹುಡುಗರಲ್ಲಿ ಕೆಲವರು ರಾಣೇಬೆನ್ನೂರಿನ ಕಡೆಗೂ ಕೆಲವರು ಹರಿಹರ ದಾವಣಗೆರೆಗಳ ಕಡೆಗೂ ಓದಲು ಹೋಗುತ್ತಾರೆ. ಹೊಳೆ ದಾಟಿ ಓದತಕ್ಕವರು ಯಾವ ಸಂಸ್ಥೆಯ ಬಸ್ಸುಗಳಲ್ಲಿ ತಮ್ಮ ಪಾಸು ನಡೆಯುತ್ತದೆಂಬುದನ್ನು ಮಾಡಿಸುವಾಗಲೇ ಕೌಂಟರಿನಲ್ಲಿ ಸ್ಪಷ್ಟಪಡಿಸಿಕೊಳ್ಳಲಿ. ಹದಿನಾರು ಹದಿನೇಳರ ಹುಡುಗನೊಬ್ಬನನ್ನು ಪರೀಕ್ಷೆಯ ದಿನ ನಡುದಾರಿಯಲ್ಲಿ ವಾಗ್ವಾದಕ್ಕೆ ನಿಲ್ಲಿಸುವುದಕ್ಕಿಂತ, ತಂದೆ ಒಂದು ದಿನದ ಕೆಲಸ ಬಿಟ್ಟು ಆ ಕೌಂಟರಿನವರೆಗೆ ಹೋಗಿಬರುವುದು ಮೇಲು. ಬಾಗಿಲಲ್ಲಿ ಜೋತುಬಿದ್ದು ಪ್ರಯಾಣ ಮಾಡುವ ವಿದ್ಯಾರ್ಥಿಗಳನ್ನು ಬೈಯುವವರು ಬಹಳ. ಒಂದು ಬಸ್ಸಿನಲ್ಲಿ ಎರಡು ಬಸ್ಸಿನ ಮಕ್ಕಳು ತುಂಬಿದಾಗ ಬಾಗಿಲಲ್ಲದೆ ಇನ್ನೆಲ್ಲಿ ಅವರು ನಿಲ್ಲಬೇಕೆಂದು ಕೇಳುವವರು ಕಡಮೆ.

ಬಸ್ಸು ಬಾರದ ದಿನಗಳನ್ನೂ ಮೊದಲೇ ಅರಿತಿರಬಹುದು. ಭಾರತ ಹುಣ್ಣಿಮೆಯ ಸುಮಾರಿನಲ್ಲಿ ಮೈಲಾರದ ಕಾರಣಿಕಕ್ಕೂ ದಸರೆಯ ವೇಳೆಗೆ ದೇವರಗುಡ್ಡಕ್ಕೂ ಜನಸಾಗರವೇ ಹರಿಯುತ್ತದೆ. ಜಾತ್ರೆಯ ವಿಶೇಷ ಬಸ್ಸುಗಳು ಆಕಾಶದಿಂದ ಇಳಿದುಬರುವುವಲ್ಲವಾದುದರಿಂದ, ನಿತ್ಯದ ಯಾವುದೋ ಹಳ್ಳಿಯ ಸುತ್ತು ಆ ದಿನ ಕಡಮೆಯಾಗುತ್ತದೆ. ಚುನಾವಣೆಯ ಮುನ್ನಾದಿನ ಮತಗಟ್ಟೆಯ ಸಿಬ್ಬಂದಿಯನ್ನು ಒಯ್ಯಲು ಬಸ್ಸುಗಳು ಹೋಗುತ್ತವೆ. ಬೇಸಗೆಯ ಲಗ್ನಗಳ ಮುಹೂರ್ತದ ದಿನಗಳಲ್ಲಿ ಮದುವೆಯ ದಿಬ್ಬಣಗಳಿಗೆ ಕರಾರಿನ ಮೇಲೆ ಹೋಗುವುವೂ ಇವೆ. ಇಂತಹ ದಿನಗಳಲ್ಲಿ ಬೆಳಗಿನ ವಸ್ತಿ ಬಸ್ಸನ್ನು ಬಿಟ್ಟು ಹತ್ತು ಗಂಟೆಯ ಬಸ್ಸನ್ನು ನೆಚ್ಚುವುದು ಉಚಿತವಲ್ಲ. ಏಕೆಂದರೆ ವಸ್ತಿ ಬಸ್ಸು ಆಗಲೇ ಊರಿನಲ್ಲಿದೆ, ಹತ್ತು ಗಂಟೆಯದು ಇನ್ನೂ ಬರಬೇಕಾದುದು. ಇದೇ ಲೆಕ್ಕ ಸಂಜೆಗೂ ಸಲ್ಲುತ್ತದೆ. ತಾಲೂಕಿಗೆ ಬಂದಿಳಿದವರು ಕೆಲಸಕ್ಕೆ ಹೋಗುವುದಕ್ಕೆ ಮುಂಚೆಯೇ ಹಿಂದಿರುಗುವ ಕಡೆಯ ಬಸ್ಸು ಯಾವುದೆಂದು ಕೇಳಿಟ್ಟುಕೊಳ್ಳಬೇಕು, ಸಾಧ್ಯವಾದರೆ ಕಡೆಯದಕ್ಕಿಂತ ಹಿಂದಿನದನ್ನೇ ತಮ್ಮ ಬಸ್ಸೆಂದು ಭಾವಿಸಬೇಕು. ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿನಲ್ಲಿ ಕುಮಾರಪಟ್ಟಣದ ನಿಲ್ದಾಣದಲ್ಲಿ ಹತ್ತಬೇಕಾದವರು ಒಂದು ಬಸ್ಸಿನಷ್ಟು ಮುಂಚಿತವಾಗಿ ಬರುವುದು ಕ್ಷೇಮ.

ಕಡೆಯದಾಗಿ, ಬಸ್ಸೇ ಇಲ್ಲದ, ಅಥವಾ ಇದ್ದ ಬಸ್ಸನ್ನು ಕಳೆದುಕೊಂಡ ಊರುಗಳವರು ಏನು ಮಾಡಬೇಕೆಂದು ನಲವಾಗಲ, ಕವಲೆತ್ತು, ಐರಣಿಗಳ ಕಡೆಯ ದಾರಿಯಲ್ಲಿ ಸಿಕ್ಕವರು ನನ್ನನ್ನು ಕೇಳುವುದುಂಟು. ರಸ್ತೆಗೆ ಅಡ್ಡ ಕುಳಿತು ಬಸ್ಸನ್ನು ತಡೆದರೆ ಆ ದಿನ ಅಧಿಕಾರಿಗಳು ಬರುತ್ತಾರೆ, ಒಂದು ವಾರ ಬಸ್ಸೂ ಬರುತ್ತದೆ. ಆದರೆ ತಡೆದ ಬಸ್ಸಿನಲ್ಲಿಯೂ ಯಾವುದೋ ಊರಿನ ರೋಗಿ ಕುಳಿತಿರುತ್ತಾನೆಂಬುದನ್ನು ಮರೆಯಬಾರದು. ಬರೆದ ಅರ್ಜಿ ಇದಕ್ಕಿಂತ ಹೆಚ್ಚು ದೂರ ಹೋಗುತ್ತದೆಂಬುದು ನನ್ನ ಅನುಭವ, ಅದನ್ನು ಬರೆಯುವ ರೀತಿಯಲ್ಲಿ ಬರೆದರೆ. ಗ್ರಾಮ ಪಂಚಾಯತಿಯ ಸಭೆಯಲ್ಲಿ ಠರಾವು ಮಾಡಿಸಿ, ರಾಣೇಬೆನ್ನೂರಿನ ಘಟಕ ವ್ಯವಸ್ಥಾಪಕರಿಗೆ ಒಂದು ಪ್ರತಿಯನ್ನೂ ಹಾವೇರಿಯ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಇನ್ನೊಂದನ್ನೂ ಕೊಟ್ಟು, ಸ್ವೀಕರಿಸಿದುದಕ್ಕೆ ಮುದ್ರೆ ಹಾಕಿಸಿಕೊಳ್ಳಿರಿ. "ನಮ್ಮೂರಿಗೆ ಬಸ್ಸು ಬೇಕು" ಎಂದು ಬರೆದರೆ ಸಾಲದು. ಶಾಲೆ ಕಾಲೇಜುಗಳಿಗೆ ಹೋಗುವ ಹುಡುಗರೆಷ್ಟು, ಹುಡುಗಿಯರೆಷ್ಟು, ಅವರ ತರಗತಿ ಎಷ್ಟು ಹೊತ್ತಿಗೆ ಆರಂಭವಾಗಿ ಎಷ್ಟಕ್ಕೆ ಬಿಡುತ್ತದೆ, ಈಗ ಅವರು ಎಷ್ಟು ದೂರ ನಡೆದುಹೋಗಿ ಬಸ್ಸು ಹಿಡಿಯುತ್ತಾರೆ, ಪಕ್ಕದ ಊರಿನ ತನಕ ಬಂದು ಹಿಂದಿರುಗುವ ಬಸ್ಸು ಯಾವುದು, ಅದನ್ನು ನಿಮ್ಮ ಊರಿನವರೆಗೆ ವಿಸ್ತರಿಸಿದರೆ ಹೆಚ್ಚುವ ಕಿಲೊಮೀಟರುಗಳೆಷ್ಟು, ಊರೊಳಗೆ ಬಸ್ಸು ತಿರುಗಿಸಲು ಸಾಕಾಗುವಷ್ಟು ಜಾಗ ಎಲ್ಲಿದೆ, ಅಡ್ಡ ಬರುವ ಜಾಲಿಯ ಕೊಂಬೆಗಳನ್ನೂ ಜೋತುಬಿದ್ದ ವಿದ್ಯುತ್ತಿನ ತಂತಿಯನ್ನೂ ಪಂಚಾಯತಿ ಸರಿಪಡಿಸಿದೆಯೇ, ವಸ್ತಿಯನ್ನು ಕೇಳುವುದಾದರೆ ಚಾಲಕ ನಿರ್ವಾಹಕರು ಮಲಗುವ ಕೊಠಡಿ ಯಾವುದು, ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಇಷ್ಟನ್ನೂ ಅರ್ಜಿಯಲ್ಲಿ ಬಿಡದೆ ಬರೆಯಿರಿ.